ತಾಳ ಬಿಟ್ಟುಕೊಟ್ಟ ಕನ್ವರ್ಟರ್

ಜಿಲ್ಲಾ ರಕ್ತನಿಧಿಯಿಂದ ತಾಲ್ಲೂಕು ಆಸ್ಪತ್ರೆಯ ಸರ್ವರ್‌ಗೆ ಅಂದು ಸುದ್ದಿ ಸಾಗಿಸಲೆಂದೇ ಬಾಡಿಗೆಗೆ ಪಡೆದ ಹೊಸ ತಂತಿ, ಲೀಸ್ಡ್ ಲೈನ್, ಬಂತು. ಲೈನಿನ ಭಾಷೆ ಸರ್ವರ್‌ಗೆ ತಿಳಿಯದು. ಅದಕ್ಕೇ ಎರಡೂ ತುದಿಗೆ ಭಾಷೆ ಬದಲಿಸಿ ಕೊಡುವ ಒಂದೊಂದು ಕನ್ವರ್ಟರ್ ಡಬ್ಬಿ ಕೂತಿತ್ತು. ಒಂದು ಹಾಕಿದ ತಾಳಕ್ಕೆ ಇನ್ನೊಂದು ಹೆಜ್ಜೆ ಹಾಕಿದರಷ್ಟೇ ಸುದ್ದಿ ಸರಿಯಾಗಿ ದಾಟುತ್ತಿತ್ತು. ಆಸ್ಪತ್ರೆಯ ಡಬ್ಬಿಗೆ ಸಂಭ್ರಮವೋ ಸಂಭ್ರಮ.

"ತಾಳ ನಾನು ಹಾಕುತ್ತೇನೆ, ನೀನು ಅನುಸರಿಸು," ಎಂದಿತು.

"ನಾನು ಜಿಲ್ಲೆಯವನು. ತಾಳ ನನ್ನದು," ಎಂದಿತು ಆಚೆಯ ಡಬ್ಬಿ.

ಎರಡೂ ತಾಳ ಹಾಕಿದವು. ಬಂದ ಸುದ್ದಿಯೆಲ್ಲ ಕಲಸುಮೇಲೋಗರವಾಯಿತು.

"ಹೆರಿಗೆ ಕೋಣೆಯಲ್ಲಿ ರಕ್ತಕ್ಕೆ ಕಾಯುತ್ತಿದ್ದಾರೆ ಮಾರಾಯ," ಎಂದು ಸರ್ವರ್ ಗದರಿತು. "ನನಗೆ ಒಂದಕ್ಷರ ತಿಳಿಯುತ್ತಿಲ್ಲ."

ಆಸ್ಪತ್ರೆಯ ಡಬ್ಬಿ ತನ್ನ ತಾಳ ನಿಲ್ಲಿಸಿ, ಆಚೆಯದಕ್ಕೆ ಹೆಜ್ಜೆ ಕೂಡಿಸಿತು. ಹಸಿರು ದೀಪ ಹತ್ತಿತು. ಸುದ್ದಿ ಹರಿದು ಬಂತು: "ಓ ನೆಗೆಟಿವ್, ಎರಡು ಬಾಟಲಿ, ಜೀಪು ಹೊರಟಿದೆ."

ಅದರ ಹಿಂದೆಯೇ ಆಚೆಯ ಡಬ್ಬಿ, "ಗೆದ್ದವನು ನಾನು," ಎಂದಿತು.

ಆಸ್ಪತ್ರೆಯ ಡಬ್ಬಿ ಆ ಮಾತನ್ನೂ ಒಂದಕ್ಷರ ಬಿಡದೆ ಸರ್ವರ್‌ಗೆ ದಾಟಿಸಿತು.