ಏಳನೆಯ ಹೊಸ್ತಿಲು

ಒಳಗೂ ಹೊರಗೂ ತಾನೇ ತುಂಬಿಕೊಂಡಿರುವ ಪರಶಿವನಿಗೆ ತಲೆಬಾಗಿ ಈ ಕಥೆ ಹೇಳುತ್ತೇನೆ.

ಹೊಳೆಯ ದಂಡೆಯ ಮೇಲೆ ಗುರು ಮರುಳಯ್ಯನವರ ಆಶ್ರಮ. ಅದರ ಬೆನ್ನಿಗೇ, ಎಂದೋ ಅಳಿದ ಸಾಮ್ರಾಜ್ಯದ ಅರಮನೆ. ಮರದ ಉಪ್ಪರಿಗೆಗಳೆಲ್ಲ ಸುಟ್ಟುಹೋಗಿ ಕಲ್ಲಿನ ಬುನಾದಿ, ಹೊಸ್ತಿಲು, ನಟ್ಟನಡುವೆ ಚಕ್ರವರ್ತಿಯ ಒಂದು ಕೋಣೆ, ಇಷ್ಟೇ ಉಳಿದಿದ್ದವು.

ಶಿಷ್ಯ ಸಿದ್ದೋಜ ಕಲ್ಲುಕುಟಿಗ. ಹೆಂಡತಿ ತೀರಿಕೊಂಡ ಮೇಲೆ ಉಳಿ ಸುತ್ತಿಗೆ ಬಿಟ್ಟು ಇಲ್ಲಿಗೆ ಬಂದು ಒಂದು ಗುಡಿಸಲು ಹಾಕಿಕೊಂಡಿದ್ದ.

ಪ್ರತಿ ಸೋಮವಾರ ಅವನ ಅಕ್ಕ ನೀಲವ್ವ ಹರಿಗೋಲಿನಲ್ಲಿ ಹೊಳೆ ದಾಟಿ ರೊಟ್ಟಿ ಬುತ್ತಿ ತರುವಳು. ಅವನು ಬಾಗಿಲು ತೆಗೆಯುತ್ತಿರಲಿಲ್ಲ. ಅವಳು ಗುಡಿಸಲ ಮುಂದಿನ ಕಲ್ಲಿನ ಮೇಲೆ ಸಂಜೆಯವರೆಗೂ ಕೂತು, ಬುತ್ತಿ ಅಲ್ಲೇ ಇಟ್ಟು ಹೋಗುವಳು.

ಒಂದು ಸೋಮವಾರ ಬೆಳಿಗ್ಗೆ ಸಿದ್ದೋಜ ಗುರುಗಳ ಕಾಲಿಗೆ ಬಿದ್ದ. ಚಕ್ರವರ್ತಿಯ ಕೋಣೆಗೆ ಹೊಸ ಬಾಗಿಲು ಹಚ್ಚಿ ಒಳಗೇ ಇದ್ದುಬಿಡುತ್ತೇನೆ, ಇನ್ನು ಯಾರ ಮುಖವೂ ಬೇಡ, ಅಪ್ಪಣೆ ಕೊಡಿ ಎಂದ.

"ಗುಡಿಸಲು ಸಾಲದೇನಪ್ಪ, ಅರಮನೆಯೇ ಬೇಕೇ?" ಗುರುಗಳು ನಕ್ಕರು. "ಅಲ್ಲಿಗೆ ಏಳು ಬಾಗಿಲು. ಮೊದಲು ಏಳೂ ಹೊಸ್ತಿಲು ಮುಟ್ಟಿ ನೋಡಿ ಬಾ."

ಸಿದ್ದೋಜ ಹೋದ. ಉಳಿ ಬಿಟ್ಟು ವರ್ಷವಾದ ಮೇಲೆ ಅವನ ಬೆರಳು ಮತ್ತೆ ಕಲ್ಲು ಮುಟ್ಟಿತು. ಗಾಳಿ ಬಿಟ್ಟರೆ ಅಲ್ಲಿ ಇನ್ನೊಂದು ಉಸಿರಿರಲಿಲ್ಲ.

ಹೊತ್ತು ನೆತ್ತಿಗೇರಿದಾಗ ತಿರುಗಿ ಬಂದ.

"ಏನು ಕಂಡೆ?"

"ಮೊದಲನೆಯ ಬಾಗಿಲು ತಿರುಗಿ ತಿರುಗಿ, ಹೊಸ್ತಿಲಲ್ಲಿ ಅದರ ಕೀಲು ಕೂರುವ ಕುಳಿ ಬಟ್ಟಲಿನಂತೆ ಸವೆದಿದೆ ಅಪ್ಪಾವ್ರೇ. ಒಳಗೊಳಗೆ ಹೋದ ಹಾಗೆ ಸವೆತ ಕಡಿಮೆ. ಏಳನೆಯದರ ಕುಳಿಯಲ್ಲಿ ಉಳಿಯ ಗುರುತು ನಿನ್ನೆ ಹೊಡೆದ ಹಾಗಿದೆ."

"ಅಂದರೆ?"

"ಆ ಬಾಗಿಲು ತೆಗೆದದ್ದೇ ಅಪರೂಪ."

"ಅಗುಳಿ ಯಾವ ಕಡೆ ಇತ್ತು?"

"ಅದರ ತೂತು ಒಳಗಡೆ ಇದೆ." ಸಿದ್ದೋಜನ ದನಿ ತಗ್ಗಿತು. ಅಷ್ಟು ದೊಡ್ಡ ಚಕ್ರವರ್ತಿಯನ್ನು ಹೊರಗಿನಿಂದ ಯಾರೂ ಕೂಡಿಹಾಕಿರಲಿಲ್ಲ.

"ಮತ್ತೇನು?"

ಸಿದ್ದೋಜ ಬೆರಳಿಗೆ ಹತ್ತಿದ ಕಲ್ಲಿನ ಧೂಳು ಒರೆಸಿಕೊಂಡ.

"ಆ ಹೊಸ್ತಿಲ ಹೊರಗೆ, ಪಕ್ಕದಲ್ಲೇ, ಒಂದು ಕಲ್ಲಿದೆ. ಕುಳಿಯಲ್ಲಿ ಇಲ್ಲದ ಸವೆತ ಅದರಲ್ಲಿದೆ. ಯಾರೋ ಕೂತು ಕೂತು ತಗ್ಗು ಬಿದ್ದಿದೆ. ನಾನೂ ಕೂತು ನೋಡಿದೆ, ಅಪ್ಪಾವ್ರೇ. ಅಲ್ಲಿಂದ ಬಾಗಿಲು ಬಿಟ್ಟು ಬೇರೇನೂ ಕಾಣುವುದಿಲ್ಲ."

ಗುರುಗಳು ಗುಡಿಸಲ ಕಡೆ ನೋಡಿದರು. ನೀಲವ್ವ ಬುತ್ತಿ ಮಡಿಲಲ್ಲಿಟ್ಟುಕೊಂಡು, ಸೆರಗು ತಲೆಗೆಳೆದು, ಬಾಗಿಲ ಮುಂದಿನ ಕಲ್ಲಿನ ಮೇಲೆ ಬಿಸಿಲಲ್ಲಿ ಕೂತಿದ್ದಳು.

"ಆ ಕಲ್ಲು ಇನ್ನೂ ಸವೆದಿಲ್ಲ, ಸಿದ್ದೋಜ. ಹೋಗು."

ಕೇಳಿದ ನಿಮ್ಮೆಲ್ಲರ ಬಾಗಿಲಿಗೂ ಶಿವ ಬರಲಿ. ಬಂದವನು ಹೊರಗೆ ಕಾಯದಿರಲಿ.