ಬೆರ್ಚಪ್ಪ ಹೇಳಿದ ಸಾಕ್ಷಿ

ಇಂಥ ವಾದ ಕಾಶಿಯ ಪಂಡಿತರಲ್ಲೂ ನಡೆದಿರಲಿಕ್ಕಿಲ್ಲ, ನಮ್ಮೂರ ಮುಸುಕಿನ ಜೋಳದ ಹೊಲದಲ್ಲಿ ನಡೆಯಿತು. ಹಕ್ಕಿ ಬೆದರಿಸಲೆಂದು ಜವರಪ್ಪ ನಿಲ್ಲಿಸಿದ್ದ ಬೆರ್ಚಪ್ಪನ ಹೆಗಲ ಮೇಲೆ ಕಾಗೆಯೊಂದು ಬಂದು ಕೂತಿತು. ಬೆರ್ಚಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಒಂದು ಕಾಗೆಗೆ ಭಯ ಬಿಟ್ಟರೆ ಊರ ಕಾಗೆಗಳಿಗೆಲ್ಲ ಬಿಡುತ್ತದೆ. ಆಮೇಲೆ ತನಗೆ ಒಲೆಯೇ ಗತಿ.

"ಹುಷಾರು ಕಾಗಣ್ಣ! ನನ್ನನ್ನು ಮಾಡಿದವನೊಬ್ಬ ಇದ್ದಾನೆ."

"ನೀವು ಕಂಡಿದ್ದೀರಾ?"

"ಕಾಣಬೇಕೇಕೆ? ಮಡಕೆ ತಾನಾಗಿ ಉರುಳಿಬಂದು ತಲೆಯಾಯಿತೇ? ಅಂಗಿ ತಾನಾಗಿ ಹಾರಿಬಂದು ಗುಂಡಿ ಹಾಕಿಕೊಂಡಿತೇ? ಇಷ್ಟು ಅಚ್ಚುಕಟ್ಟಾದ ನಾನೇ ಸಾಕ್ಷಿ!"

ಕಾಗೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ಒಪ್ಪಿದೆ, ಬೆರ್ಚಪ್ಪನವರೇ. ಆದರೆ ಅವನು ಹೊಲದಲ್ಲೇ ಇರುವವನಾಗಿದ್ದರೆ ನಿಮ್ಮನ್ನು ಯಾಕೆ ಮಾಡುತ್ತಿದ್ದ? ಅವನಿದ್ದಾನೆ ಅನ್ನುವುದಕ್ಕೂ ನೀವೇ ಸಾಕ್ಷಿ, ಇಲ್ಲಿಲ್ಲ ಅನ್ನುವುದಕ್ಕೂ ನೀವೇ ಸಾಕ್ಷಿ!"

ಗೆದ್ದ ಕಾಗೆ ತೆನೆಯ ಸಿಪ್ಪೆ ಸುಲಿಯಿತು. ಆದರೆ ಬಳಗ ಕರೆಯದೆ ಉಣ್ಣುವ ಕುಲ ಅದರದ್ದಲ್ಲವಲ್ಲ! ಕತ್ತು ಚಾಚಿ, ಊರಿಗೆಲ್ಲ ಕೇಳುವ ಹಾಗೆ "ಕಾ ಕಾ" ಎಂದು ಕೂಗಿತು.

ಬದುವಿನ ಹುಣಸೆಮರದಡಿ ಗೊರಕೆ ಹೊಡೆಯುತ್ತಿದ್ದ ಜವರಪ್ಪ ದಡಕ್ಕನೆ ಎದ್ದ. ಕವಣೆಯ ಕಲ್ಲು ಸುಂಯ್ಯೆಂದು ಬಂದು ಕಾಗೆಯ ಎರಡು ಪುಕ್ಕ ಉದುರಿಸಿತು.

"ಅಯ್ಯಯ್ಯೋ! ಇಲ್ಲೇ ಇದ್ದಾನೆ ಅಂತ ಮೊದಲೇ ಹೇಳಬಾರದಿತ್ತೇ?" ಎನ್ನುತ್ತಾ ಕಾಗೆ ಹಾರಿತು.

"ನನಗೂ ಈಗಲೇ ಗೊತ್ತಾಗಿದ್ದು ಕಣಪ್ಪ," ಎಂದ ಬೆರ್ಚಪ್ಪ. "ಇಷ್ಟು ದಿನ ನಾನು ಅವನ ಪರವಾಗಿ ವಾದ ಮಾಡಿದ್ದೇ ಮಾಡಿದ್ದು. ಕೂಗಿ ಕರೆದವನು ನೀನೇ ಮೊದಲು."