ಶುಭ್ರರಾಯನ ಹಲ್ಲು

ಪ್ರಯೋಗಶಾಲೆಯ ಪಂಜರವೊಂದರಲ್ಲಿ ಶುಭ್ರರಾಯನೆಂಬ ಬಿಳಿ ಇಲಿ ತನ್ನ ಅಪ್ಪನೊಡನೆ ಇದ್ದ. ಹಲ್ಲಿಗೂ ದವಡೆಗೂ ಸುಣ್ಣದಂಶ ಕೂಡಿಸುವ ವಂಶವಾಹಿ ಅವನ ಕುಲದಲ್ಲೇ ಕೆಟ್ಟಿತ್ತು. ಅದಕ್ಕೇ ಅಕ್ಕಪಕ್ಕದ ಪಂಜರಗಳಿಗೆ ಗಟ್ಟಿ ಉಂಡೆ ಬಿದ್ದರೆ, ಇವರಿಗೆ ಮಾತ್ರ ನೆನೆಸಿದ ಹಿಟ್ಟು ಬರುತ್ತಿತ್ತು. ರಾಯ ಅದನ್ನು ರಾಜಮರ್ಯಾದೆ ಎಂದುಕೊಂಡಿದ್ದ. "ಕಡಿದು ತಿನ್ನುವುದು ಕೂಲಿಯವರ ಪಾಡು," ಎನ್ನುತ್ತಿದ್ದ.

ಒಂದು ದಿನ ಪಂಜರದ ಬಾಗಿಲು ತೆರೆದಿತ್ತು. ರಾಯ ಅಪ್ಪನನ್ನು ಕರೆದುಕೊಂಡು ಉಗ್ರಾಣದ ಇಲಿಗಳ ಮನೆಗೆ ಹೆಣ್ಣು ನೋಡಲು ಹೋದ. ಅಲ್ಲಿ ಹೆಣ್ಣಿನ ಅಜ್ಜಿ ಕಾಳವ್ವನದೇ ಕಾರುಬಾರು. ಬಂದ ಗಂಡಿಗೆ ಒಣಕೊಬ್ಬರಿ ಕೊಟ್ಟು ಕಡಿಸಿ ನೋಡುವುದು ಆ ಮನೆಯ ಪದ್ಧತಿ.

"ಅಜ್ಜಿ, ನಮ್ಮದು ಅಪ್ಪಟ ರಕ್ತ. ಹೆಣ್ಣು ಸಿಗದೆ ಬಂದವನಲ್ಲ, ನಿಮ್ಮನ್ನು ಉದ್ಧಾರ ಮಾಡೋಣವೆಂದು ಬಂದೆ," ಎಂದ ರಾಯ.

"ಉದ್ಧಾರ ಆಮೇಲೆ ಮಾಡುವೆಯಂತೆ. ಮೊದಲು ಇದನ್ನು ಕಡಿಯಪ್ಪಾ," ಎಂದಳು ಕಾಳವ್ವ.

ರಾಯ ಕಡಿದ. ಮುಂದಿನ ಹಲ್ಲು ಕೊಬ್ಬರಿಯಲ್ಲೇ ಉಳಿಯಿತು. ಹೆಣ್ಣು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ರಾಯ ಕೆಂಡವಾದ. "ನಗುವುದೇನಿದೆ? ಇದು ನನ್ನೊಬ್ಬನ ಕೊರತೆಯಲ್ಲ! ನಮ್ಮ ತಾತ ಮುತ್ತಾತಂದಿರ ಹಲ್ಲೂ ಹೀಗೇ ಮುರಿಯುತ್ತಿತ್ತು. ಅಪ್ಪಾ, ಸ್ವಲ್ಪ ಬಾಯಿ ತೆರೆದು ತೋರಿಸಿ."

ಅಪ್ಪ ಹೆಮ್ಮೆಯಿಂದಲೇ ಬೊಚ್ಚುಬಾಯಿ ತೆರೆದ.

ಕಾಳವ್ವ ಬಗ್ಗಿ ಒಳಗೆಲ್ಲ ನೋಡಿ, ಕೊಬ್ಬರಿಯಿಂದ ಹಲ್ಲು ಕಿತ್ತು ರಾಯನ ಕೈಗಿಟ್ಟಳು.

"ಅಪ್ಪಟ ರಕ್ತವೇ, ಸುಳ್ಳಲ್ಲ. ನಿನ್ನೊಬ್ಬನ ಹಲ್ಲು ಮುರಿದಿದ್ದರೆ ಹೆಣ್ಣು ಕೊಟ್ಟುಬಿಡುತ್ತಿದ್ದೆ."